ದಂಡು ತಂಗಿದ ಹೊತ್ತು

ನಜ್ದ್‌ನ ಕಡೆಗೆ ಹೊರಟ ಆ ಪಯಣದಲ್ಲಿ ಆರು ಮಂದಿಗೆ ಒಂದೇ ಒಂಟೆ. ಸರದಿಯಂತೆ ಹತ್ತಬೇಕು, ಇಳಿಯಬೇಕು, ಉಳಿದವರು ನಡೆಯಬೇಕು. ನಡೆದು ನಡೆದು ಪಾದಗಳು ಒಡೆದವು. ಅಬೂ ಮೂಸಾ ಅಶ್‌ಅರಿ(ರ)ಯವರ ಕಾಲ್ಬೆರಳ ಉಗುರುಗಳೇ ಉದುರಿಹೋದವು. ಅವರೆಲ್ಲ ಕಾಲಿಗೆ ಹರಕು ಬಟ್ಟೆ ಸುತ್ತಿಕೊಂಡು ಮುಂದೆ ನಡೆದರು. ಆ ಚಿಂದಿಗಳಿಂದಾಗಿಯೇ ಈ ದಂಡಯಾತ್ರೆಗೆ ದಾತುರ್ರಿಕಾ ಎಂಬ ಹೆಸರು ಬಂತೆಂದು ಅಬೂ ಮೂಸಾರೇ ಹೇಳಿದ್ದಾರೆ. ಹೇಳಿಯಾದ ಮೇಲೆ, ಅಲ್ಲಾಹನ ಮಾರ್ಗದಲ್ಲಿ ತಾವು ಪಟ್ಟ ಕಷ್ಟವನ್ನು ಹೀಗೆ ಬಾಯಿಬಿಟ್ಟು ಹೇಳಿದ್ದಕ್ಕೆ ಬೇಸರವನ್ನೂ ಪಟ್ಟುಕೊಂಡರೆಂದು ಬುಖಾರಿಯಲ್ಲಿ ಉಲ್ಲೇಖವಿದೆ.

ಈ ಘಟನೆಯನ್ನು ಇಬ್ನ್ ಇಸ್‌ಹಾಕ್ ಹಿಜರಿ 4ರಲ್ಲಿ ಇಡುತ್ತಾರೆ. ಇಮಾಮ್ ಬುಖಾರಿಯವರಾದರೋ ಖೈಬರ್‌ನ ನಂತರ ಇಡುತ್ತಾರೆ. ಅಬೂ ಮೂಸಾ(ರ) ಮದೀನಕ್ಕೆ ಬಂದದ್ದೇ ಖೈಬರ್‌ನ ಸಮಯದಲ್ಲಿ, ಅಂದರೆ ಹಿಜರಿ 7ರಲ್ಲಿ. ಅದಕ್ಕಿಂತ ಮುಂಚಿನ ಯಾತ್ರೆಯಲ್ಲಿ ಅವರ ಉಗುರು ಉದುರುವುದು ಹೇಗೆ ಎಂಬುದು ಅವರ ವಾದ. ನಮಗೂ ಬುಖಾರಿಯವರ ಮಾತೇ ಸರಿಯೆನಿಸುತ್ತದೆ. ಆದರೆ ಈ ಲೇಖನದಲ್ಲಿ ನಾವು ನೋಡಹೊರಟಿರುವುದು ಆ ಯಾತ್ರೆಯ ವರ್ಷವನ್ನಲ್ಲ, ಅದರ ತಂಗುಗಳನ್ನು. ಮದೀನದ ಆ ಹತ್ತು ವರ್ಷಗಳನ್ನು ನಮ್ಮ ಭಾಷಣಗಳು ಯಾವಾಗಲೂ ಓಟದ ವರ್ಷಗಳನ್ನಾಗಿಯೇ ಚಿತ್ರಿಸುತ್ತವೆ. ಪ್ರವಾದಿ(ಸ)ರವರು ಸ್ವತಃ ಪಾಲ್ಗೊಂಡ ದಂಡಯಾತ್ರೆಗಳು 19 ಎಂದು ಝೈದ್ ಬಿನ್ ಅರ್‌ಕಮ್(ರ) ಎಣಿಸಿದ್ದಾರೆ. ಆ ಹತ್ತೊಂಬತ್ತನ್ನು ನಾವು ಬಾಯಿಪಾಠವಾಗಿ ಹೇಳಬಲ್ಲೆವು. ಆದರೆ ಆ ದಾರಿಗಳಲ್ಲಿ ಅವರು ಎಲ್ಲಿ ಮಲಗಿದರು, ಯಾರು ಕಾವಲಿದ್ದರು, ಯಾರಿಗಾಗಿ ಇಡೀ ದಂಡು ನಿಂತಿತು ಎಂಬುದನ್ನು ಕೇಳಿದರೆ ತಡವರಿಸುತ್ತೇವೆ. ಹದೀಸ್ ಗ್ರಂಥಗಳು ಮಾತ್ರ ಇದನ್ನು ಅಷ್ಟೇ ಎಚ್ಚರದಿಂದ ಕಾಪಾಡಿಕೊಂಡು ಬಂದಿವೆ.

ಅದೇ ನಜ್ದ್ ಯಾತ್ರೆಯಿಂದ ಮರಳುವಾಗಿನ ಒಂದು ಮಧ್ಯಾಹ್ನದ ಕುರಿತು ಜಾಬಿರ್(ರ) ವಿವರಿಸಿದ್ದಾರೆ. ಬಿಸಿಲು ಏರಿದಾಗ ಅವರು ಮುಳ್ಳಿನ ಮರಗಳು ತುಂಬಿದ್ದ ಒಂದು ಕಣಿವೆಯಲ್ಲಿದ್ದರು. ಪ್ರವಾದಿ(ಸ)ರವರು ಅಲ್ಲಿಯೇ ಇಳಿದರು. ಜನರೆಲ್ಲ ನೆರಳು ಹುಡುಕುತ್ತಾ ಮರಮರದಡಿಗೆ ಚದುರಿದರು. ಪ್ರವಾದಿಯವರು ಒಂದು ಸಮುರಾ ಮರದ ಕೆಳಗೆ ಬಂದು ತಮ್ಮ ಖಡ್ಗವನ್ನು ಕೊಂಬೆಗೆ ತೂಗುಹಾಕಿ ಮಲಗಿದರು. ಎಲ್ಲರೂ ನಿದ್ದೆಗೆ ಜಾರಿದರು. ಅಷ್ಟರಲ್ಲಿ ಒಬ್ಬ ಅಲೆಮಾರಿ ಅರಬ ಬಂದು ಆ ಖಡ್ಗವನ್ನೇ ಹಿರಿದು ಅವರ ತಲೆಯ ಬಳಿ ನಿಂತ. ಈಗ ನಿನ್ನನ್ನು ನನ್ನಿಂದ ರಕ್ಷಿಸುವವರು ಯಾರು ಎಂದು ಕೇಳಿದ. ಅಲ್ಲಾಹನು ಎಂದರು ಪ್ರವಾದಿ(ಸ). ಪ್ರವಾದಿಯವರು ಕರೆದಾಗ ಸಹಾಬಿಗಳು ಬಂದು ನೋಡುತ್ತಾರೆ, ಆ ಮನುಷ್ಯ ಅವರ ಪಕ್ಕದಲ್ಲಿ ಸುಮ್ಮನೆ ಕೂತಿದ್ದಾನೆ! ಅವನಿಗೆ ಯಾವ ಶಿಕ್ಷೆಯನ್ನೂ ವಿಧಿಸಲಿಲ್ಲ.

ಈ ಘಟನೆಯನ್ನು ತವಕ್ಕುಲ್‌ಗೆ ಉದಾಹರಣೆಯಾಗಿ ನಾವು ನೂರು ಸಲ ಕೇಳಿದ್ದೇವೆ. ಅದು ಸರಿಯೂ ಹೌದು. ಆದರೆ ಅದಕ್ಕೂ ಮುಂಚೆ ನಡೆದ ಮಾಮೂಲಿ ಸಂಗತಿಯೊಂದಿದೆ. ಶತ್ರುವಿನ ನೆಲ, ಒಡೆದ ಪಾದಗಳು, ಮನೆ ಇನ್ನೂ ದೂರ. ಆದಷ್ಟು ಬೇಗ ದಾಟಿಬಿಡೋಣ ಎನ್ನಬೇಕಾದ ಜಾಗದಲ್ಲಿ ಇಡೀ ತಂಡ ಕೈಲೂಲಾಕ್ಕೆ, ಅಂದರೆ ನಡುಹಗಲ ನಿದ್ದೆಗೆ ನಿಂತಿತು. ಬಿಸಿಲಲ್ಲಿ ಮುಂದೆ ಸಾಗುವ ಶಕ್ತಿಯಿದ್ದ ಯುವಕರೂ ಆ ಗುಂಪಿನಲ್ಲಿ ಇದ್ದಿರಲೇಬೇಕು. ಅವರೂ ನಿಂತರು.

ಅದೇ ಯಾತ್ರೆಯ ಒಂದು ರಾತ್ರಿಯ ವಿವರ ಇನ್ನೂ ಸೊಗಸಾಗಿದೆ. ಇದನ್ನು ಹೇಳಿದವರೂ ಜಾಬಿರ್(ರ)ರೇ. ಅಬೂದಾವೂದ್‌ನಲ್ಲಿದೆ, ಇಬ್ನ್ ಇಸ್‌ಹಾಕ್‌ರ ಸೀರತ್‌ನಲ್ಲೂ ಇದೆ. ಆ ಯಾತ್ರೆಯಲ್ಲಿ ಎದುರಾಳಿಗಳ ಪೈಕಿ ಒಬ್ಬನ ಪತ್ನಿಗೆ ಹಾನಿಯಾಗಿತ್ತು. ಮುಹಮ್ಮದರ ಸಂಗಾತಿಗಳಲ್ಲಿ ಯಾರದಾದರೂ ರಕ್ತ ಹರಿಸದೆ ಬಿಡೆನೆಂದು ಶಪಥ ಮಾಡಿ ಅವನು ಹೆಜ್ಜೆ ಹಿಡಿದು ಹಿಂದೆಯೇ ಬರುತ್ತಿದ್ದ. ರಾತ್ರಿ ತಂಗಿದಾಗ, ನಮಗಿಂದು ಕಾವಲಿರುವವರು ಯಾರು ಎಂದು ಪ್ರವಾದಿ(ಸ)ರವರು ವಿಚಾರಿಸಿದರು. ಮುಹಾಜಿರರಲ್ಲಿ ಒಬ್ಬರು, ಅನ್ಸಾರರಲ್ಲಿ ಒಬ್ಬರು ಎದ್ದುನಿಂತರು: ಅಮ್ಮಾರ್ ಬಿನ್ ಯಾಸಿರ್(ರ) ಮತ್ತು ಅಬ್ಬಾದ್ ಬಿನ್ ಬಿಶ್ರ್(ರ). ಇಬ್ಬರನ್ನೂ ಕಣಿವೆಯ ಬಾಯಿಗೆ ಕಳುಹಿಸಲಾಯಿತು.

ಅಲ್ಲಿ ತಲುಪಿದ ಕೂಡಲೇ ಇಬ್ಬರೂ ಕೂತು ರಾತ್ರಿಯನ್ನು ಪಾಲು ಮಾಡಿಕೊಂಡರು. ನಾನು ಯಾವ ಭಾಗದಲ್ಲಿ ಎಚ್ಚರವಿರಲಿ, ಮೊದಲರ್ಧವೋ ಕೊನೆಯರ್ಧವೋ ಎಂದು ಅಬ್ಬಾದ್ ಕೇಳಿದರು. ಮೊದಲರ್ಧ ನೀವು ನೋಡಿಕೊಳ್ಳಿ ಎಂದ ಅಮ್ಮಾರ್ ಮಲಗಿ ನಿದ್ದೆಹೋದರು. ಅಬ್ಬಾದ್ ನಮಾಝ್‌ಗೆ ನಿಂತರು. ಕತ್ತಲಲ್ಲಿ ನಿಂತ ಆಕೃತಿಯನ್ನು ಕಂಡ ಆ ಬೆನ್ನಟ್ಟಿ ಬಂದವನು ಬಾಣ ಬಿಟ್ಟ. ಅದು ನೆಟ್ಟಿತು. ಅಬ್ಬಾದ್ ಅದನ್ನು ಕಿತ್ತು ಕೆಳಗಿಟ್ಟು ನಿಂತೇ ಇದ್ದರು. ಎರಡನೆಯದು ಬಂತು, ಅದನ್ನೂ ಕಿತ್ತರು. ಮೂರನೆಯದೂ ಬಂತು. ಆಗ ರುಕೂ ಮಾಡಿ, ಸುಜೂದ್ ಮಾಡಿ, ಸಂಗಾತಿಯನ್ನು ಎಬ್ಬಿಸಿದರು. ಇಬ್ಬರಿರುವುದನ್ನು ಕಂಡು ಬಾಣ ಬಿಟ್ಟವನು ಓಡಿದ. ಅಬ್ಬಾದರ ಮೈಮೇಲೆ ಹರಿಯುತ್ತಿದ್ದ ರಕ್ತವನ್ನು ಕಂಡು ಗಾಬರಿಗೊಂಡ ಅಮ್ಮಾರ್, ಮೊದಲ ಬಾಣಕ್ಕೇ ಏಕೆ ಎಬ್ಬಿಸಲಿಲ್ಲ ಎಂದು ಕೇಳಿದರು. ಒಂದು ಸೂರಃ ಓದುತ್ತಿದ್ದೆ, ಅದನ್ನು ನಡುವೆ ತುಂಡರಿಸಲು ಮನಸ್ಸು ಬರಲಿಲ್ಲ. ಪ್ರವಾದಿಯವರು ಕಾಯಲು ಹೇಳಿದ ಜಾಗ ಕೈತಪ್ಪೀತೆಂಬ ಭಯವಿಲ್ಲದಿದ್ದರೆ ಆಗಲೂ ನಿಲ್ಲಿಸುತ್ತಿರಲಿಲ್ಲ ಎಂಬರ್ಥದ ಉತ್ತರ ಕೊಟ್ಟರು.

ಅಬ್ಬಾದರ ಏಕಾಗ್ರತೆಗೆ ನಾವೆಲ್ಲ ಮಾರುಹೋಗುತ್ತೇವೆ. ಆದರೆ ಅಮ್ಮಾರರ ನಿದ್ದೆಯೂ ಕಾವಲಿನ ಒಂದು ಭಾಗವೇ ಆಗಿತ್ತಲ್ಲವೇ? ಇಬ್ಬರೂ ರಾತ್ರಿಯಿಡೀ ಎಚ್ಚರವಿದ್ದಿದ್ದರೆ ಬೆಳಗಿನ ಜಾವಕ್ಕೆ ಇಬ್ಬರ ಕಣ್ಣೂ ಮುಚ್ಚುತ್ತಿತ್ತು. ಅಮ್ಮಾರರ ಪಾಳಿ ಬರುವುದಕ್ಕೆ ಮೊದಲು ಅವರು ಮಲಗಲೇಬೇಕಿತ್ತು. ಅವರ ಹಿಂದೆ ಕಣಿವೆಯೊಳಗೆ ಮಲಗಿದ್ದ ನೂರಾರು ಜನರ ನಿದ್ದೆ, ಈ ಇಬ್ಬರು ಸರದಿ ಹಾಕಿಕೊಂಡದ್ದರಿಂದ ಸಾಧ್ಯವಾಯಿತು.

ಈ ಪಾಳಿಯ ಪದ್ಧತಿಯನ್ನು ಕುರ್‌ಆನ್ ನಮಾಝ್‌ನಲ್ಲೂ ತಂದಿದೆ. ಸೂರಃ ಅನ್ನಿಸಾದ 102ನೇ ಸೂಕ್ತ ಸಲಾತುಲ್ ಖೌಫ್‌ನ, ಅಂದರೆ ಭಯದ ಸಂದರ್ಭದ ನಮಾಝ್‌ನ ಕ್ರಮವನ್ನು ವಿವರಿಸುತ್ತದೆ. ಒಂದು ಗುಂಪು ಆಯುಧ ಸಹಿತ ಇಮಾಮರ ಜೊತೆ ನಮಾಝ್‌ಗೆ ನಿಲ್ಲಬೇಕು. ಅವರು ಸುಜೂದ್ ಮುಗಿಸಿ ಹಿಂದೆ ಸರಿದು ಕಾವಲು ನಿಂತಾಗ, ಇನ್ನೂ ನಮಾಝ್ ನಿರ್ವಹಿಸದ ಗುಂಪು ಬಂದು ಸೇರಿಕೊಳ್ಳಬೇಕು. ಈ ಸೂಕ್ತ ಅವತೀರ್ಣವಾದ ಸಂದರ್ಭವನ್ನು ಅಬೂ ಅಯ್ಯಾಶ್ ಝುರಕೀ(ರ) ಹೇಳಿದ್ದಾರೆ. ಉಸ್ಫಾನ್ ಎಂಬಲ್ಲಿ ಎದುರಾಳಿಗಳ ನಾಯಕರಾಗಿದ್ದವರು ಖಾಲಿದ್ ಬಿನ್ ವಲೀದ್. ಅವರು ಆಗಿನ್ನೂ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಮುಸ್ಲಿಮರೆಲ್ಲ ಒಟ್ಟಾಗಿ ಝುಹರ್ ನಮಾಝ್‌ನಲ್ಲಿ ಬಾಗಿದ್ದನ್ನು ಕಂಡು, ಒಳ್ಳೆಯ ಅವಕಾಶ ಕೈತಪ್ಪಿತಲ್ಲ ಎಂದು ಅವರ ಕಡೆಯವರು ಕೈಕೈ ಹಿಸುಕಿಕೊಂಡರು. ಮುಂದಿನ ನಮಾಝ್‌ಗೆ ಕಾದು ಎರಗೋಣ ಎಂದುಕೊಂಡರು. ಝುಹರ್ ಮತ್ತು ಅಸ್ರ್‌ನ ನಡುವೆ ಆ ಸೂಕ್ತ ಅವತೀರ್ಣವಾಯಿತು.

ಅಷ್ಟು ದೊಡ್ಡ ಅಪಾಯ ಎದುರಿಗಿದ್ದಾಗ ನಮಾಝನ್ನು ಒಬ್ಬೊಬ್ಬರಾಗಿ ಗಡಿಬಿಡಿಯಲ್ಲಿ ಮುಗಿಸಿರಿ ಎನ್ನಬಹುದಿತ್ತು. ಹಾಗಾಗಲಿಲ್ಲ. ಜಮಾಅತ್ ಉಳಿಯಿತು. ಒಬ್ಬರ ಸುಜೂದ್‌ಗೆ ಇನ್ನೊಬ್ಬರು ಕಾವಲು ನಿಲ್ಲುವ ಏರ್ಪಾಡಾಯಿತು. ಕಾವಲಿಗಿದ್ದವರ ನಮಾಝ್ ಕೂಡ ತಪ್ಪಲಿಲ್ಲ.

ಇನ್ನು ಸರದ ಕತೆ. ಇದು ಗೊತ್ತಿಲ್ಲದವರಿಲ್ಲ, ಆದರೂ ನಿಧಾನವಾಗಿ ಇನ್ನೊಮ್ಮೆ ಓದಬೇಕು. ಒಂದು ಪ್ರಯಾಣದಲ್ಲಿ, ಬೈದಾ ಅಥವಾ ದಾತುಲ್ ಜೈಶ್ ಎಂಬಲ್ಲಿ, ಆಯಿಶಾ(ರ)ರ ಕೊರಳ ಸರ ಬಿದ್ದುಹೋಯಿತು. ಅದು ಅಕ್ಕ ಅಸ್ಮಾ(ರ)ರಿಂದ ಕೇಳಿ ಪಡೆದು ತಂದದ್ದು ಎಂದು ಒಂದು ವರದಿಯಲ್ಲಿದೆ. ಎರವಲು ತಂದ ಒಡವೆ ಕಳೆದಾಗಿನ ಸಂಕಟ ನಮ್ಮ ಮನೆಗಳಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಅದನ್ನು ಹುಡುಕಲು ಪ್ರವಾದಿ(ಸ)ರವರು ನಿಂತರು. ಅವರು ನಿಂತಾಗ ಇಡೀ ದಂಡೇ ನಿಂತಿತು. ಆ ಜಾಗದಲ್ಲಿ ನೀರಿರಲಿಲ್ಲ, ಜನರ ಬಳಿಯೂ ನೀರಿರಲಿಲ್ಲ.

ಜನ ಅಬೂಬಕ್ಕರ್(ರ)ರ ಬಳಿಗೆ ಹೋಗಿ ದೂರಿಕೊಂಡರು. ಆಯಿಶಾ ಏನು ಮಾಡಿದ್ದಾರೆ ನೋಡಿದಿರಾ, ನೀರಿಲ್ಲದ ಕಡೆ ಎಲ್ಲರನ್ನೂ ನಿಲ್ಲಿಸಿಬಿಟ್ಟಿದ್ದಾರೆ ಎಂದರು. ಅಬೂಬಕ್ಕರ್ ಸಿಟ್ಟಿನಿಂದ ಬಂದರು. ಪ್ರವಾದಿ(ಸ)ರವರು ಆಗ ಆಯಿಶಾರ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದರು. ತಂದೆ ಮಗಳನ್ನು ಬಾಯಿಗೆ ಬಂದಂತೆ ಬೈದು ಅವರ ಪಕ್ಕೆಗೆ ಕೈಯಿಂದ ತಿವಿದರು. ಪ್ರವಾದಿಯವರ ನಿದ್ದೆ ಕೆಡಬಾರದೆಂದು ಆಯಿಶಾ ಅಲ್ಲಾಡದೆ ಕೂತಿದ್ದರು. ಬೆಳಗಾಯಿತು, ನೀರಿಲ್ಲ. ಆಗ ತಯಮ್ಮುಮ್‌ನ ಸೂಕ್ತ ಅವತೀರ್ಣವಾಯಿತು. ಅಬೂಬಕ್ಕರರ ಮನೆಯವರೇ, ನಿಮ್ಮಿಂದ ನಮಗೆ ಸಿಕ್ಕಿದ ಮೊದಲ ಬರ್ಕತ್ ಇದಲ್ಲ ಎಂಬ ಅರ್ಥದ ಮಾತನ್ನು ಉಸೈದ್ ಬಿನ್ ಹುದೈರ್(ರ) ಆಡಿದರು. ಒಂಟೆಯನ್ನು ಎಬ್ಬಿಸಿದಾಗ ಸರ ಅದರಡಿಯಲ್ಲೇ ಸಿಕ್ಕಿತು.

ಆ ದಿನ ದೂರಿದವರ ಮೇಲೆ ನಮಗೆ ಸಿಟ್ಟು ಬರುವುದಿಲ್ಲ. ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ಒಬ್ಬ ಯುವತಿಯ ಎರವಲು ಸರಕ್ಕಾಗಿ ಒಂದು ದಂಡು ನೀರಿಲ್ಲದ ಕಡೆ ರಾತ್ರಿ ಕಳೆಯುವುದೆಂದರೆ ಲೆಕ್ಕಾಚಾರದ ಮನುಷ್ಯರಿಗೆ ಅರ್ಥವಾಗುವ ಸಂಗತಿಯಲ್ಲ. ಆದರೂ ಪ್ರವಾದಿ(ಸ)ರವರು ನಾಲ್ಕು ಜನರನ್ನು ಹುಡುಕಲು ಬಿಟ್ಟು ಉಳಿದವರನ್ನು ಹೊರಡಿಸಲಿಲ್ಲ. ಎಲ್ಲರೂ ಉಳಿದರು. ಇಂದು ರೈಲಿನಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿ ತಯಮ್ಮುಮ್ ಮಾಡುವ ಪ್ರತಿಯೊಬ್ಬರೂ ಆ ರಾತ್ರಿಯ ತಂಗಿನ ಪಾಲು ಉಣ್ಣುತ್ತಿದ್ದಾರೆ.

ಹಾಗಾದರೆ ಪ್ರವಾದಿಯವರು ಜನರನ್ನು ದಣಿಯುವಂತೆ ನಡೆಸಿದ್ದೇ ಇಲ್ಲವೇ? ನಡೆಸಿದ್ದಾರೆ. ಅದರ ಕಾರಣ ಬಹಳ ಕುತೂಹಲಕರವಾಗಿದೆ. ಬನೂ ಮುಸ್ತಲಿಕ್ ಯಾತ್ರೆಯಲ್ಲಿ ಮುರೈಸೀ ಎಂಬ ನೀರಿನ ಬಳಿ ಒಬ್ಬ ಮುಹಾಜಿರ್ ಕಡೆಯವನಿಗೂ ಒಬ್ಬ ಅನ್ಸಾರ್ ಕಡೆಯವನಿಗೂ ಜಗಳವಾಯಿತು. ಎರಡೂ ಕಡೆಯಿಂದ ತಮ್ಮವರನ್ನು ಕೂಗಿ ಕರೆದರು. ಕಪಟ ವಿಶ್ವಾಸಿಗಳ ಮುಖಂಡ ಅಬ್ದುಲ್ಲಾ ಬಿನ್ ಉಬಯ್ಯ್ ಇದೇ ಸಮಯವೆಂದು, ಮದೀನಕ್ಕೆ ಮರಳಿದ ಮೇಲೆ ಗೌರವಸ್ಥರು ಹೀನರನ್ನು ಹೊರಗಟ್ಟುತ್ತಾರೆ ಎಂದು ನಂಜು ಕಾರಿದ. ಎಳೆಯ ವಯಸ್ಸಿನ ಝೈದ್ ಬಿನ್ ಅರ್‌ಕಮ್(ರ) ಇದನ್ನು ಕೇಳಿಸಿಕೊಂಡಿದ್ದರು. ಮಾತು ಪ್ರವಾದಿಯವರಿಗೆ ಮುಟ್ಟಿತು. ಅವನ ತಲೆ ತೆಗೆಯಲು ಅಪ್ಪಣೆ ಕೊಡಿ ಎಂದು ಉಮರ್(ರ) ಕೇಳಿದರು. ಮುಹಮ್ಮದ್ ತನ್ನ ಸಂಗಾತಿಗಳನ್ನೇ ಕೊಲ್ಲುತ್ತಾನೆಂದು ಜನ ಆಡಿಕೊಳ್ಳಬಾರದು ಎಂದು ಪ್ರವಾದಿ(ಸ)ರವರು ತಡೆದರು. ತಡೆದು, ಹೊರಡಲು ಹೇಳಿದರು. ಅವರು ಎಂದೂ ಪ್ರಯಾಣ ಹೊರಡದ ಹೊತ್ತಾಗಿತ್ತದು. ಉಸೈದ್ ಬಿನ್ ಹುದೈರ್(ರ) ಆಶ್ಚರ್ಯಪಟ್ಟು ಕಾರಣ ಕೇಳಿದರು.

ಆ ಹಗಲು ಸಂಜೆಯವರೆಗೆ ನಡೆದರು. ಆ ರಾತ್ರಿ ಬೆಳಗಾಗುವವರೆಗೆ ನಡೆದರು. ಮರುದಿನ ಬಿಸಿಲು ಚುರುಗುಟ್ಟುವವರೆಗೆ ನಡೆದರು. ಆಮೇಲೆ ಇಳಿದಾಗ ಮೈ ನೆಲಕ್ಕೆ ತಾಗಿದ್ದೇ ತಡ, ಎಲ್ಲರೂ ನಿದ್ದೆಹೋದರು. ಹಿಂದಿನ ದಿನದ ಆ ಮಾತಿನಿಂದ ಜನರ ಗಮನ ಬೇರೆಡೆಗೆ ಹೋಗಲೆಂದೇ ಹೀಗೆ ಮಾಡಿದರು ಎಂದು ಇಬ್ನ್ ಇಸ್‌ಹಾಕ್ ಬರೆದಿದ್ದಾರೆ. ನಮ್ಮ ಫೋನುಗಳಲ್ಲಿ ಮಧ್ಯರಾತ್ರಿ ಬರುವ, ಕೂಡಲೇ ಹಂಚಿರಿ ಎಂದು ಒತ್ತಾಯಿಸುವ ಸಂದೇಶಗಳನ್ನು ನೋಡುವಾಗ ನಮಗೆ ಈ ನಡಿಗೆಯ ನೆನಪಾಗುತ್ತದೆ. ಕತ್ತಿ ಕೈಯಲ್ಲಿದ್ದ ಜನ, ಬಿಸಿಯೇರಿದ ಮನಸ್ಸು, ಕುಲದ ಹೆಸರಿನ ಕೂಗು. ಆ ರಾತ್ರಿ ಅವರು ಗುಂಪುಗುಂಪಾಗಿ ಕೂತು ಮಾತಾಡಿದ್ದರೆ ಏನಾಗುತ್ತಿತ್ತೋ! ಅವರು ನಿದ್ದೆ ಮಾಡಿ ಎದ್ದರು. ಮದೀನಕ್ಕೆ ತಲುಪುವ ಹೊತ್ತಿಗೆ ಇಬ್ನ್ ಉಬಯ್ಯ್‌ನ ಸ್ವಂತ ಮಗನೇ ತಂದೆಯ ಮಾತಿಗೆ ಎದುರಾಗಿ ನಿಂತಿದ್ದರು.

ಜುಮಾದ ವಿಷಯಕ್ಕೆ ಬರೋಣ. ಒಂದು ಶುಕ್ರವಾರ ಪ್ರವಾದಿ(ಸ)ರವರು ಖುತ್ಬಾಕ್ಕೆ ನಿಂತಿದ್ದಾಗ ಆಹಾರ ಧಾನ್ಯ ಹೊತ್ತ ವರ್ತಕರ ತಂಡವೊಂದು ಮದೀನಕ್ಕೆ ಬಂತು. ಊರಿನಲ್ಲಿ ಹಸಿವು, ಬೆಲೆಯೇರಿಕೆ ಇದ್ದ ಕಾಲವದು ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಸುದ್ದಿ ಕೇಳಿದ್ದೇ ಜನ ಎದ್ದು ಅತ್ತ ಓಡಿದರು. ಮಸೀದಿಯಲ್ಲಿ ಉಳಿದವರು 12 ಮಂದಿ. ಜಾಬಿರ್(ರ) ಎಣಿಸಿ ಹೇಳಿದ ಸಂಖ್ಯೆ ಇದು. ಅಬೂಬಕ್ಕರ್ ಮತ್ತು ಉಮರ್(ರ) ಆ ಹನ್ನೆರಡರಲ್ಲಿದ್ದರು. ಸೂರಃ ಅಲ್ ಜುಮುಅದ ಕೊನೆಯ ಸೂಕ್ತ ಈ ಸಂದರ್ಭದ್ದು. ಓಡಿದವರು ಲೋಭಿಗಳೆಂದು ನಾವು ಹೇಳಲಾರೆವು. ಮನೆಯಲ್ಲಿ ಮಕ್ಕಳು ಹಸಿದಿದ್ದಾಗ, ತಡಮಾಡಿದರೆ ಧಾನ್ಯ ಮುಗಿದೇಹೋದೀತು ಎಂಬ ಭಯಕ್ಕೆ ಓಡುವುದು ಮನುಷ್ಯ ಸಹಜ. ಇದನ್ನು ಅರ್ಥ ಮಾಡಿಕೊಳ್ಳದೆ ಆ ಸೂಕ್ತದ ಮೇಲೆ ಭಾಷಣ ಮಾಡುವುದು ಸುಲಭ.

ಆ ಸೂರಃ ಕೇಳುವುದಾದರೂ ಎಷ್ಟು? ಕರೆ ಬಂದಾಗ ವ್ಯಾಪಾರ ಬಿಟ್ಟು ಬನ್ನಿರಿ. ನಮಾಝ್ ಮುಗಿದಾಗ ಭೂಮಿಯಲ್ಲಿ ಚದುರಿ ಅಲ್ಲಾಹನ ಅನುಗ್ರಹ ಅರಸಿರಿ ಎನ್ನುತ್ತದೆ. ದಿನವಿಡೀ ಅಂಗಡಿ ಮುಚ್ಚಿರಿ ಎಂದಿಲ್ಲ. ಶುಕ್ರವಾರ ನಮಗೆ ಯಹೂದಿಗಳ ಸಬ್ಬತ್‌ನಂತಹ ದಿನವೂ ಅಲ್ಲ. ಒಂದು ಗಂಟೆಯಷ್ಟು ಹೊತ್ತು, ಆದರೆ ಊರಿನ ಎಲ್ಲರೂ ಒಂದೇ ಗಂಟೆ. ಒಬ್ಬನ ಅಂಗಡಿ ಮುಚ್ಚಿ ಎದುರಿನವನ ಅಂಗಡಿ ತೆರೆದಿದ್ದರೆ ಮುಚ್ಚಿದವನ ಮನಸ್ಸು ಮಸೀದಿಯಲ್ಲಿ ನಿಲ್ಲುವುದು ಕಷ್ಟ. ಎಲ್ಲರೂ ಒಟ್ಟಾಗಿ ನಿಂತಾಗ ಯಾರಿಗೂ ನಷ್ಟವಾಗುವುದಿಲ್ಲ. ಇಕಾಮತ್ ಕೇಳಿದರೂ ಓಡಿ ಬರಬೇಡಿರಿ, ಸಮಾಧಾನದಿಂದ ನಡೆದು ಬನ್ನಿರಿ, ಸಿಕ್ಕಿದಷ್ಟನ್ನು ಜೊತೆಯಲ್ಲಿ ನಿರ್ವಹಿಸಿ ಉಳಿದದ್ದನ್ನು ಪೂರ್ತಿ ಮಾಡಿಕೊಳ್ಳಿರಿ ಎಂದು ಪ್ರವಾದಿ(ಸ)ರವರು ಕಲಿಸಿದ್ದಾರೆ. ಖುತ್ಬಾ ಮುಗಿಯುವ ಹೊತ್ತಿಗೆ ಸರಿಯಾಗಿ ಬೈಕ್ ನಿಲ್ಲಿಸಿ ಮೆಟ್ಟಿಲಲ್ಲಿ ಓಡುವ ನಮ್ಮ ಯುವಕರು ಇದನ್ನು ಕೇಳಿಲ್ಲವೆಂದಲ್ಲ.

ಹೆಜ್ಜೆಯ ವೇಗವನ್ನು ಯಾರ ಲೆಕ್ಕದಲ್ಲಿ ನಿಶ್ಚಯಿಸಬೇಕೆಂಬ ಪ್ರಶ್ನೆಗೂ ಸೀರತ್‌ನಲ್ಲಿ ಉತ್ತರವಿದೆ. ಉಸ್ಮಾನ್ ಬಿನ್ ಅಬಿಲ್ ಆಸ್(ರ)ರನ್ನು ಅವರ ಜನರ ಇಮಾಮರನ್ನಾಗಿ ಮಾಡಿದಾಗ, ಅತ್ಯಂತ ದುರ್ಬಲನನ್ನು ಅಳತೆಯಾಗಿ ಇಟ್ಟುಕೊಳ್ಳಿರಿ ಎಂದು ಹೇಳಿಕಳಿಸಿದರು. ಒಂದು ಪ್ರಯಾಣದಲ್ಲಿ ಅಂಜಶಾ ಎಂಬ ಸೇವಕ ಮಹಿಳೆಯರ ಒಂಟೆಗಳನ್ನು ಹಾಡುತ್ತಾ ನಡೆಸುತ್ತಿದ್ದರು. ಅವರ ಕಂಠ ಇಂಪಾಗಿತ್ತು. ಹಾಡು ಕೇಳಿ ಒಂಟೆಗಳು ಓಟಕ್ಕೆ ಬಿದ್ದವು. ಮೆಲ್ಲಗೆ ಅಂಜಶಾ, ಗಾಜಿನ ಪಾತ್ರೆಗಳಿವೆ ಎಂದು ಪ್ರವಾದಿ(ಸ)ರವರು ಎಚ್ಚರಿಸಿದರು. ಇನ್ನೊಂದು ದಿನ ಮಸೀದಿಯಲ್ಲಿ ಎರಡು ಕಂಬಗಳ ನಡುವೆ ಹಗ್ಗವೊಂದನ್ನು ಕಟ್ಟಿದ್ದು ಕಂಡು ಏನಿದು ಎಂದು ವಿಚಾರಿಸಿದರು. ಝೈನಬ್(ರ) ನಮಾಝ್‌ನಲ್ಲಿ ದಣಿದಾಗ ಆತುಕೊಳ್ಳಲು ಕಟ್ಟಿದ್ದು ಎಂದರು ಜನ. ಅದನ್ನು ಬಿಚ್ಚಿಸಿದರು. ಉತ್ಸಾಹ ಇರುವವರೆಗೆ ನಮಾಝ್ ಮಾಡಬೇಕು, ದಣಿದಾಗ ಕೂರಬೇಕು ಎಂದರು. ಆರಾಧನೆಯ ವಿಷಯದಲ್ಲೇ ಹೀಗೆ.

ಇಲ್ಲಿ ನಮ್ಮ ಮನೆಗಳ ಮಾತು ಬಾರದಿರದು. ರಮಝಾನ್‌ನಲ್ಲಿ ಇಫ್ತಾರ್ ಮುಗಿಸಿ ನಾವು ಗಂಡಸರು ಅರ್ಧ ಗಂಟೆ ಕಾಲು ಚಾಚುತ್ತೇವೆ. ಆ ಅರ್ಧ ಗಂಟೆಯಲ್ಲಿ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿರುವುದಿಲ್ಲ. ಸಹ್ರಿಗೆ ಎಲ್ಲರಿಗಿಂತ ಮೊದಲು ಎದ್ದವರೇ ರಾತ್ರಿ ಎಲ್ಲರಿಗಿಂತ ಕೊನೆಗೆ ಮಲಗುತ್ತಾರೆ. ಇದನ್ನು ಒಟ್ಟಾದ ವಿಶ್ರಾಂತಿ ಎನ್ನಲು ಬರುವುದಿಲ್ಲ. ಕಣಿವೆಯ ಬಾಯಿಯಲ್ಲಿ ಅಬ್ಬಾದ್ ಮೊದಲು ಕೇಳಿದ ಪ್ರಶ್ನೆ ಇದೆಯಲ್ಲ, ರಾತ್ರಿಯ ಯಾವ ಭಾಗ ನನ್ನದು ಎಂಬುದು, ಅದನ್ನು ನಮ್ಮಲ್ಲಿ ಎಷ್ಟು ಗಂಡಂದಿರು, ಎಷ್ಟು ಗಂಡುಮಕ್ಕಳು ಕೇಳುತ್ತೇವೆ? ಪ್ರವಾದಿ(ಸ)ರವರು ಮನೆಯಲ್ಲಿರುವಾಗ ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝ್‌ನ ಹೊತ್ತಾದಾಗ ಎದ್ದುಹೋಗುತ್ತಿದ್ದರು ಎಂದು ಆಯಿಶಾ(ರ) ಹೇಳಿದ್ದಾರೆ.

ಸೇವಾಕಾರ್ಯದಲ್ಲಿಯೂ ಇದೇ. ಕೊರೋನಾದ 2020 ಮತ್ತು 2021ರಲ್ಲಿ ನಮ್ಮ ಊರುಗಳ ಹಲವು ಯುವಕರು ಜಾತಿ ಧರ್ಮ ನೋಡದೆ ಮೃತರ ಅಂತ್ಯಸಂಸ್ಕಾರಕ್ಕೆ ಹೆಗಲು ಕೊಟ್ಟರು. ಮಳೆಗಾಲದ ನೆರೆಯಲ್ಲಿ ಓಡಾಡುವವರೂ ಅವರೇ, ರಾತ್ರಿ ರಕ್ತ ಬೇಕೆಂದಾಗ ಫೋನ್ ಹೋಗುವುದೂ ಅವರಿಗೇ. ಅವರಿಗೆ ಶಾಲು ಹೊದಿಸಿ ಸನ್ಮಾನ ಮಾಡಿದ ಸಭೆಗಳನ್ನು ನಾವು ನೋಡಿದ್ದೇವೆ. ಸನ್ಮಾನ ಬೇಡವೆಂದಲ್ಲ. ಆದರೆ ಅವರ ನಿದ್ದೆಯ ಪಾಳಿಯನ್ನು ಯಾರು ಬರೆದಿಟ್ಟರು? ಇಂದು ನೀನು ಮನೆಗೆ ಹೋಗು, ನಾಳೆಯವರೆಗೆ ನಾವು ನಾಲ್ವರು ನೋಡಿಕೊಳ್ಳುತ್ತೇವೆ ಎಂದು ಹೇಳುವ ನಾಯಕತ್ವ ನಮ್ಮ ಕಮಿಟಿಗಳಲ್ಲಿ ಕಡಿಮೆ. ಕೆಲಸ ತುರ್ತಿನದಾದಷ್ಟೂ ಅದೇ ಇಬ್ಬರು ಮೂವರ ಮೇಲೆ ಬೀಳುತ್ತದೆ. ಕೆಲವು ವರ್ಷಗಳಲ್ಲಿ ಅವರು ಕಾಣೆಯಾಗುತ್ತಾರೆ. ಆಮೇಲೆ ಈಗಿನ ಹುಡುಗರಲ್ಲಿ ಹುರುಪಿಲ್ಲ ಎಂದು ನಾವೇ ಗೊಣಗುತ್ತೇವೆ.

ತರಾವೀಹ್ ಎಂಬ ಪದದ ಚರಿತ್ರೆಯನ್ನೂ ಇಲ್ಲಿ ಹೇಳಿಬಿಡಬೇಕು. ತರ್ವೀಹಾ ಎಂದರೆ ಒಂದು ವಿಶ್ರಾಂತಿ. ತರಾವೀಹ್ ಅದರ ಬಹುವಚನ, ಅಂದರೆ ವಿಶ್ರಾಂತಿಗಳು. ಉಮರ್(ರ)ರ ಕಾಲದಲ್ಲಿ, ಹಿಜರಿ 14ರಲ್ಲಿ, ಮಸೀದಿಯಲ್ಲಿ ಒಬ್ಬೊಬ್ಬರಾಗಿ, ಚಿಕ್ಕಚಿಕ್ಕ ಗುಂಪುಗಳಾಗಿ ರಮಝಾನ್‌ನ ರಾತ್ರಿಯ ನಮಾಝ್ ನಿರ್ವಹಿಸುತ್ತಿದ್ದವರನ್ನು ಉಬಯ್ಯ್ ಬಿನ್ ಕಅಬ್(ರ)ರ ಹಿಂದೆ ಒಂದೇ ಜಮಾಅತ್ ಆಗಿ ನಿಲ್ಲಿಸಲಾಯಿತು. ಪ್ರತಿ ನಾಲ್ಕು ರಕಅತ್‌ಗಳ ಬಳಿಕ ಕೂತು ದಣಿವಾರಿಸಿಕೊಳ್ಳುವ ರೂಢಿ ಇತ್ತು. ಆ ಕೂರುವಿಕೆಯೇ ಇಡೀ ನಮಾಝ್‌ಗೆ ಹೆಸರು ಕೊಟ್ಟಿತು. ಇಪ್ಪತ್ತು ರಕಅತ್‌ಗಳಲ್ಲಿ ಐದು ತರ್ವೀಹಾಗಳು, ಅವುಗಳ ನಡುವೆ ನಾಲ್ಕು ಬಿಡುವುಗಳು. ಮಕ್ಕಾದವರು ಆ ಬಿಡುವುಗಳಲ್ಲಿ ಕಅಬಾದ ತವಾಫ್ ಮಾಡುತ್ತಿದ್ದರು. ಮದೀನದವರಿಗೆ ತವಾಫ್ ಎಲ್ಲಿಂದ ಬರಬೇಕು? ಅದಕ್ಕೆ ಬದಲಾಗಿ ಅವರು ಒಂದೊಂದು ಬಿಡುವಿನಲ್ಲಿ ನಾಲ್ಕು ರಕಅತ್ ಸೇರಿಸಿಕೊಂಡರು. ಹಾಗಾಗಿ ಮದೀನದಲ್ಲಿ 36 ರಕಅತ್‌ಗಳಾದವು. ಇಮಾಮ್ ನವವಿ ಮುಂತಾದವರು ಕೊಡುವ ವಿವರಣೆ ಇದು. ಬಿಡುವನ್ನೂ ತುಂಬಿಸಿಬಿಟ್ಟ ಮದೀನದವರ ಹುರುಪು ನಮಗೆ ಇಷ್ಟವಾಗುತ್ತದೆ. ಆದರೂ ಎಲ್ಲರೂ ಒಟ್ಟಿಗೆ ಕೂತು ಉಸಿರು ಬಿಡುತ್ತಿದ್ದ ಆ ನಾಲ್ಕು ಗಳಿಗೆಗಳ ಕಡೆಗೇ ಮನಸ್ಸು ವಾಲುತ್ತದೆ. ಇಂದು ಯಾವ ಮಸೀದಿಯಲ್ಲಿ ಬೇಗ ಮುಗಿಯುತ್ತದೆ ಎಂದು ವಿಚಾರಿಸಿ ಹೋಗುವವರಿದ್ದಾರೆ. ವಿಶ್ರಾಂತಿಗಳು ಎಂಬ ಹೆಸರಿನ ನಮಾಝನ್ನು ವಿಶ್ರಾಂತಿಯಿಲ್ಲದೆ ಓಡಿಸಿ ಮುಗಿಸುವ ವಿಚಿತ್ರ ನಮ್ಮ ಕಾಲದ್ದು.

ಕೊನೆಗೆ, ಕಾವಲು ತಪ್ಪಿದ ಒಂದು ರಾತ್ರಿ. ಖೈಬರ್‌ನಿಂದ ಮರಳುವಾಗ ಬಿಲಾಲ್(ರ)ರನ್ನು ಕಾವಲಿಗಿಟ್ಟು ಎಲ್ಲರೂ ಮಲಗಿದ್ದನ್ನು, ಮೂಡಣಕ್ಕೆ ಮುಖಮಾಡಿ ಒಂಟೆಗೆ ಒರಗಿ ಕೂತಿದ್ದ ಬಿಲಾಲರಿಗೂ ನಿದ್ದೆ ಹತ್ತಿದ್ದನ್ನು ಅಬೂ ಹುರೈರಾ(ರ) ಹೇಳಿದ್ದಾರೆ. ಇಂಥದೇ ರಾತ್ರಿಯೊಂದನ್ನು ಅಬೂ ಕತಾದಾ(ರ) ಇನ್ನಷ್ಟು ವಿವರವಾಗಿ ಬಣ್ಣಿಸಿದ್ದಾರೆ; ಅದು ಮುಸ್ಲಿಮ್‌ನಲ್ಲಿದೆ. ನಡುರಾತ್ರಿಯವರೆಗೆ ಪಯಣ ಸಾಗಿತ್ತು. ಪ್ರವಾದಿ(ಸ)ರವರು ಸವಾರಿಯ ಮೇಲೆಯೇ ತೂಕಡಿಸಿ ಒಂದು ಕಡೆಗೆ ವಾಲಿದರು. ಪಕ್ಕದಲ್ಲಿದ್ದ ಅಬೂ ಕತಾದಾ ಅವರನ್ನು ಎಬ್ಬಿಸದೆ ಆಸರೆ ಕೊಟ್ಟು ನೆಟ್ಟಗಾಗಿಸಿದರು. ಇರುಳು ಹೆಚ್ಚಿನಂಶ ಕಳೆದಾಗ ಮತ್ತೆ ವಾಲಿದರು, ಮತ್ತೆ ಆಸರೆ ಕೊಟ್ಟರು. ಬೆಳಗಿನ ಜಾವದಲ್ಲಿ ಬಿದ್ದೇಬಿಡುವಷ್ಟು ವಾಲಿದರು. ಆಸರೆ ಕೊಟ್ಟಾಗ ಈ ಸಲ ತಲೆಯೆತ್ತಿ ಯಾರೆಂದು ಕೇಳಿದರು. ಅಬೂ ಕತಾದಾ ಎಂದರು. ಯಾವಾಗಿನಿಂದ ಹೀಗೆ ನನ್ನ ಜೊತೆ ಬರುತ್ತಿದ್ದೀರಿ ಎಂದು ಕೇಳಿದರು. ರಾತ್ರಿಯಿಂದಲೂ ಎಂದರು. ಅವನ ಪ್ರವಾದಿಯನ್ನು ನೀವು ಕಾಯ್ದಂತೆ ಅಲ್ಲಾಹನು ನಿಮ್ಮನ್ನು ಕಾಯಲಿ ಎಂದು ಪ್ರಾರ್ಥಿಸಿದರು.

ಆಮೇಲೆ ದಾರಿಯಿಂದ ಬದಿಗೆ ಸರಿದು, ನಮ್ಮ ನಮಾಝ್ ನೋಡಿಕೊಳ್ಳಿರಿ ಎಂದು ಹೇಳಿ ತಲೆಯಿಟ್ಟರು. ಎಲ್ಲರೂ ಮಲಗಿದರು. ಮೊದಲು ಎದ್ದವರು ಪ್ರವಾದಿ(ಸ)ರವರೇ. ಬಿಸಿಲು ಅವರ ಬೆನ್ನಿಗೆ ಬಿದ್ದಿತ್ತು. ಉಳಿದವರು ಗಾಬರಿಯಿಂದ ಎದ್ದರು. ಪ್ರವಾದಿಯವರು ಸವಾರಿ ಹತ್ತಲು ಹೇಳಿದರು. ಸೂರ್ಯ ಮೇಲೇರುವವರೆಗೆ ಸಾಗಿ ಒಂದೆಡೆ ಇಳಿದರು. ಅಬೂ ಕತಾದಾರ ಬಳಿಯಿದ್ದ ನೀರಿನ ಪಾತ್ರೆಯನ್ನು ತರಿಸಿ ಸ್ವಲ್ಪ ನೀರಿನಲ್ಲೇ ವುಝೂ ಮಾಡಿದರು. ನಾವು ಮಾಡಿದ ಈ ಲೋಪಕ್ಕೆ ಪರಿಹಾರವೇನು ಎಂದು ಜನ ತಮ್ಮತಮ್ಮಲ್ಲೇ ಪಿಸುಗುಟ್ಟಿಕೊಂಡರು. ನಿದ್ದೆಯಲ್ಲಿ ಲೋಪವಿಲ್ಲ, ಲೋಪವಿರುವುದು ಎಚ್ಚರವಿದ್ದೂ ಮುಂದಿನ ನಮಾಝ್‌ನ ಹೊತ್ತಿನವರೆಗೆ ತಡಮಾಡುವುದರಲ್ಲಿ ಎಂದು ಅವರಿಗೆ ತಿಳಿಸಿದರು. ಅದಕ್ಕೂ ಮೊದಲು, ಬಿಸಿಲು ಅಷ್ಟು ಏರಿದ್ದ ಆ ಹೊತ್ತಿನಲ್ಲಿ, ಬಿಲಾಲ್ ಅದಾನ್ ಕೊಟ್ಟಿದ್ದರು. ಪ್ರವಾದಿ(ಸ)ರವರು ಎರಡು ರಕಅತ್ ಸುನ್ನತ್ ನಿರ್ವಹಿಸಿದ್ದರು. ಬಳಿಕ ಫಜ್ರ್‌ಗೆ ನಿಂತು, ಪ್ರತಿದಿನ ಹೇಗೆ ಮಾಡುತ್ತಿದ್ದರೋ ಹಾಗೆಯೇ ಅಂದೂ ಮಾಡಿದರು.